ಹೆಬ್ಬೆಟ್ಟಿನ ಮುಯ್ಯಿ

ಕವಳಿಕೊಪ್ಪ ಗ್ರಾಮ ಪಂಚಾಯ್ತಿಯ ಅಧ್ಯಕ್ಷ ವಿರೂಪಾಕ್ಷಪ್ಪನ ಮಗಳ ಮದುವೆಗೆ ಊರಿನಿಂದ ಆರುನೂರಕ್ಕೂ ಮೇಲೆ ಹೆಬ್ಬೆಟ್ಟುಗಳು ಬಂದವು, ಊಟಕ್ಕೆ ಎಲೆ ಹಾಕುವ ಹೊತ್ತಿಗೂ ಮನುಷ್ಯರು ಮಾತ್ರ ಒಬ್ಬರೂ ಬಂದಿರಲಿಲ್ಲ. ಸುದ್ದಿ ಕೇಳಿದ ಲಕ್ಷ್ಮೇಶ್ವರ ಸಂತೆಯ ಜನ ಮೊದಲು ನಕ್ಕರು, ಆಮೇಲೆ ಮೂಗಿನ ಮೇಲೆ ಬೆರಳಿಟ್ಟರು, ಕೊನೆಗೆ ತಮ್ಮ ತಮ್ಮ ಫೋನು ತೆಗೆದು ಯಾರಿಗೆ ಏನು ಒತ್ತಿದ್ದೇವೆಂದು ಗುಟ್ಟಾಗಿ ನೋಡಿಕೊಂಡರು. ಇಂಥದ್ದು ಒಮ್ಮೆಲೇ ಆಗುವುದಿಲ್ಲ. ಒಂದು ಊರು ಹೀಗಾಗಬೇಕಾದರೆ ಸಾಕಷ್ಟು ಜನ ಶ್ರದ್ಧೆಯಿಂದ ಕೆಲಸ ಮಾಡಿರಬೇಕು.

ಮೊದಲು ಬಂದದ್ದು ಮೇಲಿನ ಕಚೇರಿಯ ಸುತ್ತೋಲೆ. ಪ್ರತಿ ಪಂಚಾಯ್ತಿಯೂ ಫೇಸ್‌ಬುಕ್ಕಿನಲ್ಲಿ ಖಾತೆ ತೆರೆಯತಕ್ಕದ್ದು, ನಾಗರಿಕರೊಡನೆ ನಿರಂತರ ಸಂಪರ್ಕದಲ್ಲಿರತಕ್ಕದ್ದು, ಎಷ್ಟು ಜನ ಮೆಚ್ಚಿದರೆಂದು ತಿಂಗಳಿಗೊಮ್ಮೆ ವರದಿ ಸಲ್ಲಿಸತಕ್ಕದ್ದು. ವಿರೂಪಾಕ್ಷಪ್ಪ ಕೆಟ್ಟ ಮನುಷ್ಯನಲ್ಲ. ಎರೆ ಹೊಲದ ಒಕ್ಕಲಿಗ, ನಾಲ್ಕು ಜನ ಕೇಳುವ ಮಾತು, ಒಂದಿಷ್ಟು ಮೊಣಕಾಲು ನೋವು. ಆದರೆ ಮೇಲಿನಿಂದ ಬಂದ ಕಾಗದದಲ್ಲಿ ‘ತಕ್ಕದ್ದು’ ಎಂದು ಕಂಡರೆ ಅವನ ಎದೆ ಡವಡವ ಎನ್ನುತ್ತಿತ್ತು. ಆ ಕಾಗದದಲ್ಲಿ ಮೂರು ತಕ್ಕದ್ದುಗಳಿದ್ದವು.

ಖಾತೆ ತೆರೆಯಲು ಕುಳಿತವಳು ಪಂಚಾಯ್ತಿಯ ಕಂಪ್ಯೂಟರ್ ಆಪರೇಟರ್ ಶೈಲಾ, ಹರ್ತಿಯಿಂದ ಈ ಊರಿಗೆ ಸೊಸೆಯಾಗಿ ಬಂದವಳು. ಸಂಸ್ಥೆಗೆ ಬೇರೆ ಬಗೆಯ ಖಾತೆ ಇರುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ, ಮನುಷ್ಯರಿಗೆ ತೆರೆಯುವ ಖಾತೆಯನ್ನೇ ತೆರೆದಳು. ಅದು ಹೆಸರು ಕೇಳಿತು: ಗ್ರಾಮ ಪಂಚಾಯ್ತಿ. ಅಡ್ಡಹೆಸರು ಕೇಳಿತು: ಕವಳಿಕೊಪ್ಪ. ಹುಟ್ಟಿದ ದಿನ ಕೇಳಿದ್ದಕ್ಕೆ ಕಟ್ಟಡದ ಅಡಿಗಲ್ಲಿನ ಮೇಲಿದ್ದ ತಾರೀಕು ಕೊಟ್ಟಳು. ಗಂಡೋ ಹೆಣ್ಣೋ ಎಂದು ಕೇಳಿದಾಗ ಮಾತ್ರ ಅವಳ ಕೈ ನಿಂತಿತು, ವಿಷಯ ಸಾಮಾನ್ಯ ಸಭೆಗೆ ಹೋಯಿತು.

ಸಭೆಯಲ್ಲಿ ಉಪಾಧ್ಯಕ್ಷೆ ಅಮೃತವ್ವ ಎದ್ದು ನಿಂತು, “ಗಟಾರ ಬಳಿಸೂದು, ನೀರ ತುಂಬಸೂದು, ದಿನಾ ಬೆಳಗಾದ್ರ ಎಲ್ಲಾರ ಕಡಿಂದ ಬೈಸ್ಕೊಳ್ಳೂದು, ಇಷ್ಟೆಲ್ಲಾ ಮಾಡತೈತಿ ಅಂದ ಮ್ಯಾಲ ಪಂಚಾಯ್ತಿ ಹೆಣ್ಣ ಇರಬೇಕ್ರಿ” ಎಂದಳು. ಸಭೆ ಹೌದೆಂದು ತಲೆದೂಗಿತು. ಆದರೂ ಈಗಿನ ಅಧ್ಯಕ್ಷ ಗಂಡಸಾದ್ದರಿಂದ ಸದ್ಯಕ್ಕೆ ಗಂಡು ಎಂದು ಹಾಕುವುದು, ಮುಂದೆ ಮಹಿಳಾ ಮೀಸಲಾತಿ ಬಂದಾಗ ತಿದ್ದುವುದು ಎಂದು ಠರಾವಾಯಿತು. ಹೀಗೆ ಕವಳಿಕೊಪ್ಪದಲ್ಲಿ ಒಬ್ಬ ಹೊಸ ಮನುಷ್ಯ ಹುಟ್ಟಿದ. ಹೆಸರು ಗ್ರಾಮ ಪಂಚಾಯ್ತಿ, ಗಂಡಸು, ಅವಿವಾಹಿತ.

ಹುಟ್ಟಿದವನನ್ನು ನೋಡಲು ಊರೇನೂ ಓಡಿ ಬರಲಿಲ್ಲ. ‘ಕರ ಕಟ್ಟಿ ಸಹಕರಿಸಿ’ ಎಂದು ಶೈಲಾ ಹಾಕಿದ ಮೊದಲ ಪೋಸ್ಟಿಗೆ ಇಬ್ಬರು ಮೆಚ್ಚುಗೆಯ ಹೆಬ್ಬೆಟ್ಟು ಒತ್ತಿದ್ದರು. ಒಬ್ಬಳು ಶೈಲಾ, ಇನ್ನೊಬ್ಬ ಅವಳ ಗಂಡ. ತಿಂಗಳ ವರದಿ ನೋಡಿದ ತಾಲೂಕಿನ ಸಾಹೇಬರು ಫೋನಿನಲ್ಲಿ ಕೊಟ್ಟ ಬೈಗುಳಕ್ಕೆ ವಿರೂಪಾಕ್ಷಪ್ಪ ಅಂದು ಊಟ ಬಿಟ್ಟ. ಮರುದಿನ ಚುನಾವಣೆಗೆ ನಿಂತವನಂತೆ ಕೈ ಮುಗಿದುಕೊಂಡು ಮನೆಮನೆಗೆ ಹೋದ.

“ಒಂದ ಹೆಬ್ಬಟ್ಟ ಒತ್ರಿ, ಊರ ಮರ್ಯಾದಿ ಪ್ರಶ್ನಾ ಐತಿ” ಎಂದು ಬೇಡಿಕೊಂಡ. ಬಾಗಿಲಿಗೆ ಬಂದವನನ್ನು ಬರಿಗೈಯಲ್ಲಿ ಕಳಿಸುವ ಊರಲ್ಲ ಅದು. ಚಹಾ ಕುಡಿಸಿದರು, ಫೋನು ತೆಗೆದರು, ಒತ್ತಿದರು. ಫೋನಿಲ್ಲದವರು ಮೊಮ್ಮಕ್ಕಳ ಫೋನು ಇಸಿದುಕೊಂಡು ಒತ್ತಿದರು. ಸಂಜೆಗೆ ನಾನೂರು ದಾಟಿತು. ವಿರೂಪಾಕ್ಷಪ್ಪ ಹಿಗ್ಗಿ ಹೀರೇಕಾಯಿಯಾಗಿ ಮನೆಗೆ ಬಂದು ತಾಯಿ ಸಿದ್ದಲಿಂಗವ್ವನಿಗೆ ಸುದ್ದಿ ಹೇಳಿದ.

ಸಿದ್ದಲಿಂಗವ್ವ ಜೋಳ ಹಸನು ಮಾಡುತ್ತಿದ್ದ ಮೊರವನ್ನು ಕೆಳಗಿಟ್ಟಳು. “ಅಲ್ಲೋ ವಿರುಪಾ, ಊರ ಮಂದಿ ಎಲ್ಲಾ ನಿನಗ ಮುಯ್ಯಿ ಮಾಡ್ಯಾರ. ಹೊಳ್ಳಿ ತಿರಗಸೂದು ಯಾವಾಗ?”

ಈ ಸೀಮೆಯಲ್ಲಿ ಮುಯ್ಯಿ ಅಂದರೆ ದೇವರಿಗಿಂತ ಒಂದು ಗೇಣು ಮೇಲೆ. ನಿಮ್ಮ ಮನೆಯ ತೊಟ್ಟಿಲ ಕಾರ್ಯಕ್ಕೆ ಒಬ್ಬರು ಕುಪ್ಪಸದ ಖಣ ತಂದರೆ, ಅವರ ಮನೆಯ ತೊಟ್ಟಿಲಿಗೆ ನೀವು ಖಣವನ್ನೇ ಒಯ್ಯಬೇಕು. ಟವೆಲ್ಲಿಗೆ ಟವೆಲ್ಲು, ತಂಬಿಗೆಗೆ ತಂಬಿಗೆ. ಕಡಿಮೆ ಕೊಟ್ಟರೆ ಅವಮಾನ, ಹೆಚ್ಚು ಕೊಟ್ಟರೆ ಎದುರಿನವರ ತಲೆಯ ಮೇಲೆ ಭಾರ. ಬಂದದ್ದು ಯಾವ ರೂಪದಲ್ಲಿ ಬಂತೋ ಅದೇ ರೂಪದಲ್ಲಿ ತಿರುಗಿ ಹೋಗಬೇಕು. ಊರಿನವರ ಮನಸ್ಸಿನಲ್ಲೂ ಇದೇ ಇತ್ತು. ಗ್ರಾಮ ಪಂಚಾಯ್ತಿ ಎಂಬ ಅವಿವಾಹಿತ ಗಂಡಸಿಗೆ ಅವರು ಹೆಬ್ಬೆಟ್ಟು ಕೊಟ್ಟಿದ್ದರು, ಈಗ ಅವನು ತಿರುಗಿಸಲಿ ಎಂದು ಕಾಯುತ್ತಿದ್ದರು.

ಅಂದಿನಿಂದ ಶೈಲಾಳ ಕೆಲಸ ಶುರುವಾಯಿತು. ಊರಿನವರು ಏನು ಹಾಕಿದರೂ ಸೂರ್ಯ ಮುಳುಗುವುದರೊಳಗೆ ಪಂಚಾಯ್ತಿಯ ಹೆಸರಿನಲ್ಲಿ ಒತ್ತಬೇಕು. ಮೊಮ್ಮಗಳ ಜಾವಳ, ಹೊಸ ಟ್ರ್ಯಾಕ್ಟರು, ಶಿರಹಟ್ಟಿಗೆ ಹೋಗಿ ಕಟ್ಟಿಸಿಕೊಂಡು ಬಂದ ಹಲ್ಲು, ಎಲ್ಲಕ್ಕೂ. ಒಮ್ಮೆ ಅವಳು ವೀರುವಿನ ಹೋತಕ್ಕೆ ಕೆಂಪು ಹೃದಯವನ್ನೂ, ಮೌನೇಶನ ಎಮ್ಮೆಯ ಕರುವಿಗೆ ಬರೀ ಹೆಬ್ಬೆಟ್ಟನ್ನೂ ಒತ್ತಿಬಿಟ್ಟಳು. ಹೋತದ ಗಡ್ಡ ನೋಡಿ ನಗು ಬಂದಿತ್ತು, ಅಷ್ಟೆ. ಮೌನೇಶ ಕರುವನ್ನು ಹಗ್ಗ ಹಿಡಿದುಕೊಂಡೇ ಪಂಚಾಯ್ತಿಗೆ ಬಂದ.

“ಅಧ್ಯಕ್ಷರ, ಇದರ ಮಾರಿ ನೋಡ್ರಿ. ಪಂಚಾಯ್ತಿಗೆ ಇದರ ಮ್ಯಾಲ ಸಿಟ್ಟ ಯಾಕ?”

ಕರು ಅಧ್ಯಕ್ಷರ ಮೇಜಿನ ಮೇಲಿದ್ದ ಜಮಾಬಂದಿ ನೋಟಿಸಿನ ಒಂದು ಮೂಲೆಯನ್ನು ತಿಂದಿತು. ಮುಂದಿನ ಸಭೆಯಲ್ಲಿ ಮತ್ತೊಂದು ಠರಾವು. ಪಂಚಾಯ್ತಿಯು ಯಾವುದೇ ತಾರತಮ್ಯವಿಲ್ಲದೆ ಸಕಲ ಪೋಸ್ಟುಗಳಿಗೂ ಒಂದೊಂದು ಹೆಬ್ಬೆಟ್ಟನ್ನು ಮಾತ್ರ ಒತ್ತತಕ್ಕದ್ದು, ನಗುವ ಅಳುವ ಮುಖಗಳನ್ನಾಗಲಿ ಹೃದಯವನ್ನಾಗಲಿ ಬಳಸತಕ್ಕದ್ದಲ್ಲ. ಎಲ್ಲರೂ ಸಹಿ ಹಾಕಿದರು. ವಿರೂಪಾಕ್ಷಪ್ಪನಿಗೆ ತಾನೂ ಒಂದು ‘ತಕ್ಕದ್ದು’ ಬರೆದೆನೆಂದು ಖುಷಿಯಾಯಿತು.

ಕ್ರಮೇಣ ಅವನಿಗೆ ಇದರ ಸುಖ ಹತ್ತಿತು. ಅಧ್ಯಕ್ಷನೆಂದ ಮೇಲೆ ಹಿಂದೆ ದಿನಕ್ಕೆರಡು ಮನೆಯ ಕಾರ್ಯಕ್ಕಾದರೂ ಹೋಗಬೇಕಿತ್ತು. ಚಕ್ಕಳಮಕ್ಕಳ ಹಾಕಿ ಕೂರಬೇಕು, ಮೊಣಕಾಲು ಚುರ್ರೆನ್ನಬೇಕು, ಉಂಡ ಮೇಲೂ ಉಣ್ಣಬೇಕು. ಈಗ ಕುಂತಲ್ಲೇ ಹೆಬ್ಬೆಟ್ಟು ಹೋಗುತ್ತಿತ್ತು. ಮೌನೇಶನ ಹೊಸ ಮನೆಯ ಗೃಹಪ್ರವೇಶಕ್ಕೆ ಹೋಗಲಿಲ್ಲ, ಒತ್ತಿಸಿದ. ವೀರುವಿನ ಮಗನ ತೊಟ್ಟಿಲಿಗೆ ಹೋಗಲಿಲ್ಲ, ಒತ್ತಿಸಿದ. ದೂರುಗಳಿಗೂ ಅದೇ. ಯಾರೋ ಒಡೆದ ಪೈಪಿನ ಫೋಟೋ ಹಾಕಿದರು, ಹೆಬ್ಬೆಟ್ಟು ಬಿತ್ತು. ಕೆಳಗಿನ ಓಣಿಯವರು ಬೀದಿ ದೀಪವಿಲ್ಲದ ಓಣಿಯ ಫೋಟೋ ಹಾಕಿದರು. ಅದು ಪೂರಾ ಕಪ್ಪಗಿತ್ತು, ಏನೂ ಕಾಣುತ್ತಿರಲಿಲ್ಲ. ಅದಕ್ಕೂ ಬಿತ್ತು. ಯಾವ ದೂರಿಗೂ ಒಂದೇ ದಿನದಲ್ಲಿ ಸ್ಪಂದಿಸುವ ಪಂಚಾಯ್ತಿ ಎಂದು ಕವಳಿಕೊಪ್ಪಕ್ಕೆ ಬಹುಮಾನವೂ ಬಂತು.

ಆ ಬಹುಮಾನದ ದಿನವೇ ಮೂಕಪ್ಪ ತೀರಿಕೊಂಡ.

ಮೂಕಪ್ಪ ಪಂಚಾಯ್ತಿಯ ನೀರು ಬಿಡುವವನು. ಹೆಸರಷ್ಟೇ ಮೂಕಪ್ಪ, ನೀರು ಬಿಟ್ಟ ದಿನ ಅವನ ಕೂಗು ಅಡರಕಟ್ಟಿಯವರೆಗೆ ಕೇಳುತ್ತದೆ ಎನ್ನುತ್ತಿದ್ದರು. ಅದಕ್ಕಿಂತ ಹೆಚ್ಚಾಗಿ ಅವನು ವಿರೂಪಾಕ್ಷಪ್ಪನ ಗೆಳೆಯ. ಸಣ್ಣವರಿದ್ದಾಗ ಮಠದ ಬಾವಿಯಲ್ಲಿ ವಿರೂಪಾಕ್ಷಪ್ಪನನ್ನು ಬೆನ್ನ ಮೇಲೆ ಹೊತ್ತು ಈಜು ಕಲಿಸಿದವನು, ಮುಳುಗುತ್ತಿದ್ದವನನ್ನು ಕೂದಲು ಹಿಡಿದು ಎಳೆದವನು. ಅವನು ಎದೆ ನೋವೆಂದು ಮಲಗಿ ಏಳದೇ ಹೋದಾಗ ವಿರೂಪಾಕ್ಷಪ್ಪ ಗದುಗಿನ ಸಭಾಂಗಣದಲ್ಲಿ ಫೋನು ಬಂದ್ ಮಾಡಿ ಶಾಲು ಹೊದಿಸಿಕೊಳ್ಳುತ್ತಿದ್ದ. ಅಂದು ಸಂಜೆಯೇ ಮಣ್ಣು ಮಾಡಿದರು. ಮೂಕಪ್ಪನ ಮಗ ಲೋಹಿತ ಅಪ್ಪನ ಫೋಟೋ ಹಾಕಿ, ‘ನಮ್ಮನ್ನು ಅಗಲಿದರು’ ಎಂದು ಬರೆದಿದ್ದ. ಶೈಲಾ ಅದನ್ನು ನೋಡಿ ಅತ್ತಳು. ಅಧ್ಯಕ್ಷರಿಗೆ ಫೋನು ಹಚ್ಚಿದಳು, ಸಿಗಲಿಲ್ಲ. ಹೊತ್ತು ಮುಳುಗುತ್ತಿತ್ತು, ಠರಾವು ಠರಾವೇ. ಕಣ್ಣೊರೆಸಿಕೊಂಡು ಹೆಬ್ಬೆಟ್ಟು ಒತ್ತಿದಳು.

ವಿರೂಪಾಕ್ಷಪ್ಪ ಊರಿಗೆ ಬಂದು ಸುದ್ದಿ ಕೇಳಿ ಕಟ್ಟೆಯ ಮೇಲೆ ಕುಸಿದು ಕುಳಿತ. ಬೆಳಿಗ್ಗೆಯೇ ಹೋಗಿ ಮೂಕಪ್ಪನ ಹೆಂಡತಿ ಕರಿಯವ್ವನನ್ನು ಮಾತಾಡಿಸಿ ಬರಬೇಕೆಂದುಕೊಂಡ. ಬೆಳಿಗ್ಗೆ ಶೈಲಾ ಹೆಬ್ಬೆಟ್ಟಿನ ವಿಷಯ ಹೇಳಿದಳು. ಕೇಳಿ ಅವನ ಕಾಲು ಹಿಂದೆ ಸರಿಯಿತು. ಯಾವ ಮುಖ ಇಟ್ಟುಕೊಂಡು ಹೋಗಲಿ? ನಾಳೆ ಹೋದರಾಯಿತು ಎಂದುಕೊಂಡ. ನಾಳೆಗೆ ನಾಚಿಕೆ ಎರಡು ಪಟ್ಟಾಯಿತು, ನಾಡಿದ್ದು ನಾಲ್ಕು ಪಟ್ಟಾಯಿತು. ಆಮೇಲೆ ಅವನು ಮೂಕಪ್ಪನ ಓಣಿಯನ್ನೇ ಬಿಟ್ಟು ಸುತ್ತು ಹಾಕಿ ಹೊಲಕ್ಕೆ ಹೋಗತೊಡಗಿದ. ರಾತ್ರಿ ನೀರು ಬಿಟ್ಟ ಸಪ್ಪಳ ಕೇಳಿದರೆ ಎದ್ದು ಕೂರುತ್ತಿದ್ದ.

ಮೂಕಪ್ಪ ಹೋದ ಮುಂದಿನ ಬೇಸಿಗೆಯಲ್ಲಿ ಮಗಳು ಶಾಂಭವಿಯ ಮದುವೆ ಗೊತ್ತಾಯಿತು. ಗಂಡು ಮುಂಡರಗಿಯ ವ್ಯಾಪಾರಸ್ಥರ ಮನೆಯವನು, ಮಾತಿಗೂ ಮರ್ಯಾದೆಗೂ ತೂಕ ಹಾಕಿ ನೋಡುವ ಜನ. ಮದುವೆ ಹೆಣ್ಣಿನ ಮನೆಯ ಮುಂದಿನ ಹಂದರದಲ್ಲೇ ಆಗಬೇಕೆಂದು ಅವರ ಆಸೆ. ಹೆಣ್ಣಿನ ಕಡೆಯವರಿಗೆ ಊರು ಎಷ್ಟು ಮರ್ಯಾದೆ ಕೊಡುತ್ತದೆ ಎಂಬುದು ಊಟದ ಪಂಕ್ತಿಯಲ್ಲೇ ತಿಳಿಯುತ್ತದೆಂದು ಬೀಗರು ಬಾಯಿಬಿಟ್ಟೇ ಹೇಳಿದ್ದರು.

“ಮನಿಮನಿಗೆ ಹೋಗಿ ಅಕ್ಷತಿ ಕೊಟ್ಟ ಕರದ ಬಾ” ಎಂದಳು ಸಿದ್ದಲಿಂಗವ್ವ.

“ಮನಿಮನಿಗೆ ಯಾಕಬೇ, ಊರಿಗೆ ಊರೇ ಪಂಚಾಯ್ತಿ ಫೋನಿನ್ಯಾಗ ಐತಿ” ಎಂದ ವಿರೂಪಾಕ್ಷಪ್ಪ. ಮನೆಮನೆಗೆ ಹೋದರೆ ಮೂಕಪ್ಪನ ಮನೆಗೂ ಹೋಗಬೇಕಾಗುತ್ತದೆ ಎಂಬುದನ್ನು ಹೇಳಲಿಲ್ಲ. ಹೆಗಲಿಗೆ ಶಾಲು ಹಾಕಿಕೊಂಡು ಅವನು ಖುದ್ದಾಗಿ ಹೋಗಿ ಅಕ್ಷತೆ ಕೊಟ್ಟು ಕರೆದದ್ದು ತಾಲೂಕಿನ ಸಾಹೇಬರನ್ನೊಬ್ಬರನ್ನೇ. ಅವರು ಖಂಡಿತ ಬರುತ್ತೇನೆ ಎಂದರು. ಊರಿಗೆ ಮಾತ್ರ ಶೈಲಾ ಒಂದು ಪೋಸ್ಟು ಹಾಕಿದಳು. ಅದರಲ್ಲಿ ಮದುಮಕ್ಕಳ ಸುತ್ತ ಪಂಚಾಯ್ತಿಯ ಸರ್ವ ಸದಸ್ಯರ ಫೋಟೋಗಳಿದ್ದವು, ಮುಹೂರ್ತದ ಅಕ್ಷರ ಸಾಸಿವೆಯಷ್ಟು ಸಣ್ಣಗೆ ಮೂಲೆಯಲ್ಲಿತ್ತು. ಎರಡೇ ದಿನದಲ್ಲಿ ಆರುನೂರು ಜನ ಒತ್ತಿದರು. ವಿರೂಪಾಕ್ಷಪ್ಪ ಆ ಸಂಖ್ಯೆಯನ್ನೇ ಅಡುಗೆಯವರಿಗೆ ಹೇಳಿದ, ಮೇಲೆ ಇನ್ನಷ್ಟಿರಲಿ ಎಂದ.

ಮದುವೆಯ ದಿನ ಲಕ್ಷ್ಮೇಶ್ವರದ ಅಲ್ಲಾಸಾಬ ಊರಗಲ ಶಾಮಿಯಾನಾ ಹಾಕಿ ಖುರ್ಚಿ ಜೋಡಿಸಿದ್ದ. ಹರ್ತಿಯಿಂದ, ಅಂತೂರ ಬೆಂತೂರದಿಂದ ನೆಂಟರು ಬಂದರು. ಮುಂಡರಗಿಯಿಂದ ಬೀಗರು ಎರಡು ಬಸ್ಸು ತುಂಬ ಬಂದರು. ಮದುಮಕ್ಕಳ ತಲೆಯ ಮೇಲೆ ಅಕ್ಕಿಕಾಳು ಬಿದ್ದವು. ವಾಲಗ ಜೋರಾಯಿತು. ಮಾದಲಿ, ಎಣ್ಣೆಗಾಯಿ, ರೊಟ್ಟಿಯ ಗುಡ್ಡೆ, ಹಂಡೆ ಹಂಡೆ ಅನ್ನ, ಎಲ್ಲ ತಯಾರು. ನೆಂಟರೂ ಬೀಗರೂ ಹಿಂದಿನ ಸಾಲುಗಳಿಗೆ ಸಾಲದೆ ಮುಂದಿನ ಸಾಲುಗಳಲ್ಲೇ ಮುಗಿದುಹೋದರು. ಊರಿನವರಿಗೆಂದು ಬಿಟ್ಟ ಜಾಗವೆಲ್ಲ ಖಾಲಿ.

ಹಾಗೆಂದು ಊರಿನವರು ಊರಲ್ಲಿ ಇರಲಿಲ್ಲವೆಂದಲ್ಲ. ಹಂದರದ ಎದುರಿಗೇ, ರಸ್ತೆಯ ಆಚೆ, ತಮ್ಮ ತಮ್ಮ ಕಟ್ಟೆಗಳ ಮೇಲೆ ಕುಳಿತಿದ್ದರು. ಜಳಕ ಮಾಡಿದ್ದರು, ಮಡಿಕೆ ಮುರಿಯದ ಬಟ್ಟೆ ಉಟ್ಟಿದ್ದರು, ಕೆಲವರು ಅತ್ತರನ್ನೂ ಹಚ್ಚಿದ್ದರು. ವಾಲಗ ಚೆನ್ನಾಗಿ ಬಂದಾಗ ತಲೆದೂಗುತ್ತಿದ್ದರು. ವಿರೂಪಾಕ್ಷಪ್ಪ ಅತ್ತ ನೋಡಿದಾಗ ಮೌನೇಶ ತನ್ನ ಕಟ್ಟೆಯಿಂದಲೇ ನಗುತ್ತ ಹೆಬ್ಬೆಟ್ಟು ಎತ್ತಿ ತೋರಿಸಿದ.

ಅಲ್ಲಾಸಾಬ ಹತ್ತಿರ ಬಂದು ಮೆಲ್ಲಗೆ, “ಗೌಡ್ರ, ಹಿಂದಿನ ಖುರ್ಚಿ ಕಟ್ಟಿ ಟೆಂಪೋದಾಗ ಹಾಕಲೇನ್ರಿ? ಧೂಳ ಹಿಡ್ಯಾಕತ್ತಾವು” ಎಂದ.

ವಿರೂಪಾಕ್ಷಪ್ಪ ರಸ್ತೆ ದಾಟಿ ಮೌನೇಶನ ಕಟ್ಟೆಗೆ ಹೋದ. “ಯಾಕ ಮೌನೇಶಾ, ಯಾರೂ ಬರವಲ್ರಿ?”

ಮೌನೇಶ ಗೌರವದಿಂದ ಎದ್ದು ನಿಂತ. “ಒತ್ತೀವಲ್ರಿ ಅಧ್ಯಕ್ಷರ. ನೋಡಿಲ್ಲೇನ್ರಿ? ನಮ್ಮ ಮನ್ಯಾಗಿಂದ ನಾಕ ಫೋನಿಂದ ಒತ್ತೀವಿ.”

“ಒತ್ತಿದ್ದ ಇರ್ಲಿ, ಊಟಕ್ಕ ಬರ್ರಿ.”

“ಅದ್ಹೆಂಗ ಬರಾಕ ಬರತೈತ್ರಿ? ನಮ್ಮ ಗೃಹಪ್ರವೇಶಕ್ಕ ನೀವು ಒತ್ತಿದ್ರಿ. ನಿಮ್ಮ ಮದಿವಿಗೆ ನಾವು ಒತ್ತೀವಿ. ಮುಯ್ಯಿ ಮುಟ್ಟಿತು. ಈಗ ಬಂದ ಉಂಡ್ರ ನಿಮ್ಮ ಮ್ಯಾಲ ಭಾರ ಹೊರಿಸಿದಂಗ ಆಗತೈತಿ. ನಮಗೇನ ಸಿಟ್ಟಿಲ್ಲ್ರಿ, ಖರೇನ. ವಾಲಗ ಚಲೋ ಹೇಳೀರಿ.”

ಸಿಟ್ಟಿದ್ದರೆ ಕಾಲು ಹಿಡಿಯಬಹುದಿತ್ತು. ಸಿಟ್ಟೇ ಇಲ್ಲದವನ ಮುಂದೆ ಏನು ಮಾಡುವುದು? ವಿರೂಪಾಕ್ಷಪ್ಪ ಮುಂದಿನ ಕಟ್ಟೆಗೆ ಹೋದ, ಅದರ ಮುಂದಿನ ಕಟ್ಟೆಗೆ ಹೋದ. ಎಲ್ಲ ಕಡೆಯೂ ಎದ್ದು ನಿಂತರು, ಕೈ ಮುಗಿದರು, ಮಗಳು ಅಳಿಯ ಜೋಡಿ ಚೆನ್ನಾಗಿದೆ ಎಂದರು. ಯಾರೂ ಕಟ್ಟೆ ಇಳಿಯಲಿಲ್ಲ.

ಹಂದರಕ್ಕೆ ಮರಳಿದಾಗ ಬೀಗರು ಮೂವರು ನಾಲ್ವರು ಒಂದು ಕಡೆ ತಲೆ ಸೇರಿಸಿದ್ದರು. ಹಿರಿಯ ಬೀಗ ಅವನನ್ನು ಕರೆದು, ಇತರರಿಗೆ ಕೇಳದಂತೆ, “ಬೀಗ್ರ, ತಪ್ಪ ತಿಳೀಬ್ಯಾಡ್ರಿ. ನಿಮ್ಮನ್ನ ಊರಾಗ ಹೊರಗಿಟ್ಟಾರೇನು?” ಎಂದು ಕೇಳಿದ. ಮಾತು ಮೆಲ್ಲಗಿದ್ದರೂ ಎರಡು ಹೆಜ್ಜೆ ಆಚೆ ಕುಳಿತ ಶಾಂಭವಿಗೆ ಕೇಳಿಸಿತು. ಅವಳು ಬಾಸಿಂಗದ ಕೆಳಗಿನಿಂದ ಅಪ್ಪನನ್ನು ನೋಡಿದಳು. ಬದುಕು ಪೂರ್ತಿ ಆ ಮನೆಯಲ್ಲಿ ಈ ಮಾತು ಕೇಳಬೇಕಲ್ಲಪ್ಪ ಎಂದು ಆ ಕಣ್ಣಲ್ಲಿತ್ತು. ವಿರೂಪಾಕ್ಷಪ್ಪನಿಗೆ ಭೂಮಿ ಬಾಯಿ ಬಿಟ್ಟರೆ ಸಾಕೆನಿಸಿತು.

ಅವನು ಒಳಗೆ ಓಡಿದ. ಸಿದ್ದಲಿಂಗವ್ವ ದೇವರ ಮನೆಯ ಹೊಸ್ತಿಲಲ್ಲಿ ಕಾಲು ಚಾಚಿ ಕುಳಿತಿದ್ದಳು, ಎಲ್ಲ ಮೊದಲೇ ಗೊತ್ತಿದ್ದವಳ ಹಾಗೆ.

“ಯವ್ವಾ, ಏನ ಮಾಡಲಿ? ಆರುನೂರು ಮಂದಿ ಕಡೆ ಈಗ ಹೋಗಾಕಾಗತೈತೇನು?”

“ಆರುನೂರು ಯಾಕ? ಒಂದ ಮನಿಗೆ ಹೋಗು. ಯಾರ ಮನಿ ಅಂತ ನಾ ಹೇಳಬೇಕೇನು?”

ಮದುವೆಯ ದಿನ ಸಾವಾದ ಮನೆಯ ಹೊಸ್ತಿಲು ತುಳಿಯಬಾರದು ಎನ್ನುವ ಮಾತು ಅವನ ನಾಲಿಗೆಯವರೆಗೆ ಬಂತು. ತಾಯಿಯ ಮುಖ ನೋಡಿ ನುಂಗಿಕೊಂಡ. ತಲೆಯ ಮೇಲಿನ ಜರಿ ರುಮಾಲು ತೆಗೆದು ಅವಳ ಮಡಿಲಲ್ಲಿಟ್ಟು ಹಿತ್ತಲ ಬಾಗಿಲಿನಿಂದ ಹೊರಬಿದ್ದ.

ಮೂಕಪ್ಪನ ಮನೆ ಕೆಳಗಿನ ಓಣಿಯಲ್ಲಿತ್ತು. ಓಣಿಯ ಬಾಯಲ್ಲೇ ಒಡೆದ ಪೈಪಿನಿಂದ ನೀರು ಹರಿದು ರಾಡಿಯಾಗಿತ್ತು. ವಿರೂಪಾಕ್ಷಪ್ಪನ ಒಂದು ಕಾಲು ಮೊಣಕಾಲಿನವರೆಗೆ ಹೋಯಿತು, ಎಳೆದುಕೊಂಡ ರಭಸಕ್ಕೆ ಮದುವೆಯ ಹೊಸ ಚಪ್ಪಲಿ ಒಳಗೇ ಉಳಿಯಿತು. ಈ ಪೈಪನ್ನು ಎಲ್ಲೋ ನೋಡಿದ್ದೇನಲ್ಲ ಎನಿಸಿತು. ಫೋಟೋದಲ್ಲಿ ನೋಡಿದ್ದ, ಪಂಚಾಯ್ತಿ ಮೆಚ್ಚಿತ್ತು. ಒಂದೇ ಚಪ್ಪಲಿಯಲ್ಲಿ ನಡೆಯುವುದು ಹಾಸ್ಯಾಸ್ಪದವೆಂದು ಇನ್ನೊಂದನ್ನೂ ಅಲ್ಲೇ ಬಿಟ್ಟು ಬರಿಗಾಲಲ್ಲಿ ಹೋದ. ಓಣಿಯ ಹೆಂಗಸರು ಬಾಗಿಲಿಗೆ ಬಂದು ನೋಡಿದರು.

ಕರಿಯವ್ವ ಪಡಸಾಲೆಯಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದಳು. ಗೋಡೆಯ ಮೇಲೆ ಮೂಕಪ್ಪನ ಫೋಟೋ ಇತ್ತು, ಕೂಗಲು ಬಾಯಿ ತೆರೆದವನಂತೆ ಇದ್ದ. ವಿರೂಪಾಕ್ಷಪ್ಪ ಅದನ್ನು ನೋಡಿದ್ದೇ ತಡ, ಒಟ್ಟುಗೂಡಿಸಿಕೊಂಡು ಬಂದ ಮಾತೆಲ್ಲ ಮರೆತು ಗೋಡೆಗೆ ಒರಗಿ ಅತ್ತುಬಿಟ್ಟ. ಮದುವೆಯ ರೇಷ್ಮೆ ಅಂಗಿ, ರಾಡಿಯ ಕಾಲು, ಹಣೆಯ ತುಂಬ ವಿಭೂತಿ. ಹುಡುಗರ ಹಾಗೆ ಬಿಕ್ಕಿ ಬಿಕ್ಕಿ ಅತ್ತ. ಕರಿಯವ್ವ ತಡೆಯಲಿಲ್ಲ. ಲೋಹಿತ ಒಳಗಿನಿಂದ ಬಂದವನು ಅಲ್ಲೇ ನಿಂತ.

“ನಾಚಿಕಿ ಆತು ಕರಿಯವ್ವಾ” ಎಂದ ಕೊನೆಗೆ. “ಒಂದ ದಿನ ತಡಾ ಆತು. ಆಮ್ಯಾಲ ತಡಾ ಆಗಿದ್ದಕ್ಕ ನಾಚಿಕಿ ಆತು. ಹಿಂಗ ವರ್ಷ ಆಗಾಕ ಬಂತು. ಅಂವಾ ನನ್ನ ಬಾವ್ಯಾಗಿಂದ ಎಳದಾಂವ, ನಾ ಅಂವಗ ಒಂದ ಹಿಡಿ ಮಣ್ಣ ಹಾಕಲಿಲ್ಲ.”

“ಕುಂಡ್ರಿ ಅಣ್ಣಾರ” ಎಂದಳು ಕರಿಯವ್ವ. ಲೋಹಿತ ಒಂದು ತಂಬಿಗೆ ನೀರು ತಂದುಕೊಟ್ಟ. ಅವಳು ಹುಣಸೆಯ ಬೀಜವನ್ನು ಒಂದು ಕಡೆ ಹಾಕುತ್ತ ಹೇಳಿದಳು. “ಆವತ್ತ ಇಂವ ಫೋನ್ ತಂದ ತೋರ್ಸಿದಾ. ಯವ್ವಾ, ಅಪ್ಪ ಸತ್ತದ್ದು ಪಂಚಾಯ್ತಿಗೆ ಚಲೋ ಅನ್ನಿಸೇತಿ ನೋಡಬೇ ಅಂದಾ. ನಾ ಅಂದೆ, ಇಲ್ಲೋ ತಮ್ಮಾ, ಅದು ಚಲೋ ಅನ್ನಿಸಿದ್ದಲ್ಲ, ಅದು ಠರಾವು. ಆದ್ರ ಅಣ್ಣಾರ, ಠರಾವು ಅಂತ ಗೊತ್ತಿದ್ರೂ ಸಂಕಟ ಆಗೂದು ಆಗತೈತಿ. ಇಷ್ಟ ವರ್ಷ ನೀರ ಬಿಟ್ಟಾಂವಗ ಒಂದ ಬಟ್ಟು. ದಿನಾ ತಗದ ನೋಡ್ತೀನಿ, ಅಲ್ಲೇ ಇರತೈತಿ.”

ವಿರೂಪಾಕ್ಷಪ್ಪ ಎದ್ದು ನಿಂತು ಶೈಲಾಳಿಗೆ ಫೋನು ಹಚ್ಚಿದ. ಅವಳು ಹಂದರದಿಂದ ಸೀರೆಯ ನೆರಿಗೆ ಎತ್ತಿಕೊಂಡು ರಾಡಿ ಹಾರಿ ಬಂದಳು.

“ಅದನ್ನ ತಗೀಬಹುದೇನ ತಂಗಿ? ಇದಕ್ಕೇನ ಅರ್ಜಿ ಕೊಡಬೇಕು, ಯಾರ ಕಡೆ ಹೋಗಬೇಕು, ಹೇಳು.”

“ಏನ ಬ್ಯಾಡ್ರಿ. ಅದರ ಮ್ಯಾಲ ಇನ್ನೊಂದ ಸಲ ಒತ್ತಿದ್ರ ಹೋಗತೈತ್ರಿ.”

“ಅಷ್ಟೇನ?”

“ಅಷ್ಟ್ರಿ.”

“ಮತ್ತ ಇಷ್ಟ ದಿವಸ ಯಾಕ ತಗೀಲಿಲ್ಲ?”

ಶೈಲಾ ತಲೆ ತಗ್ಗಿಸಿದಳು. “ತಗೀಬೇಕಂತ ಠರಾವು ಇರಲಿಲ್ಲಲ್ಲ್ರಿ.”

ಅವಳು ಒತ್ತಿದಳು. ಕರಿಯವ್ವ ಕೈ ಒರೆಸಿಕೊಂಡು ಮಗನ ಫೋನನ್ನು ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು. ಪಂಚಾಯ್ತಿಯ ಹೆಸರು ಅಲ್ಲಿರಲಿಲ್ಲ. ಗಂಡನ ಮುಖದ ಮೇಲೆ ಒಮ್ಮೆ ಬೆರಳಾಡಿಸಿ ಫೋನನ್ನು ಮಗನಿಗೆ ಕೊಟ್ಟಳು.

“ನೀನೂ ಮದಿವಿಗೆ ಒತ್ತಿದ್ದ ತಗಿಯೋ ತಮ್ಮಾ” ಎಂದಳು. ಆಮೇಲೆ ವಿರೂಪಾಕ್ಷಪ್ಪನ ಕಡೆ ತಿರುಗಿ, “ನೀವು ಬಂದ್ರಿ, ಈಗ ನಾವು ಬರಬೇಕು. ಮಗಳ ಮದಿವ್ಯಾಗ ಉಪಾಸ ಬಂದ ಕುಂತೀರಲ್ಲ. ನಡೀರಿ, ಉಣ್ಣೂಣು” ಎಂದಳು.

ಓಣಿಯಲ್ಲಿ ಅವರು ನಡೆಯುವುದಕ್ಕಿಂತ ಮೊದಲೇ ಸುದ್ದಿ ನಡೆಯಿತು. ಮುಂದೆ ಕರಿಯವ್ವ, ಹಿಂದೆ ಬರಿಗಾಲಿನ ಅಧ್ಯಕ್ಷ. ಅಂದು ಯಾರೂ ಒಂದು ಪೋಸ್ಟು ಹಾಕಲಿಲ್ಲ, ಆದರೂ ಅವರು ಹಂದರ ಮುಟ್ಟುವ ಹೊತ್ತಿಗೆ ಮೌನೇಶ ಕಟ್ಟೆ ಇಳಿದು ನಿಂತಿದ್ದ. ಕರಿಯವ್ವ ಎಲೆಯ ಮುಂದೆ ಕುಳಿತಳು, ಸಿದ್ದಲಿಂಗವ್ವ ತಾನೇ ಬಂದು ಮಾದಲಿಗೆ ತುಪ್ಪ ಹಾಕಿದಳು. ಅದನ್ನು ನೋಡಿ ಮೌನೇಶ ರಸ್ತೆ ದಾಟಿದ. ಅವನ ಹಿಂದೆ ವೀರು, ಅಮೃತವ್ವ, ಅವರ ಹಿಂದೆ ಒಂದೊಂದೇ ಕಟ್ಟೆ ಖಾಲಿಯಾಯಿತು. ಅಧ್ಯಕ್ಷ ಕೆಳಗಿನ ಓಣಿಗೆ ಬರಿಗಾಲಲ್ಲಿ ಹೋದದ್ದು ಊರಿಗೆಲ್ಲ ಹೋದ ಲೆಕ್ಕ ಎಂದು ಯಾರೋ ಹೇಳಿದರಂತೆ, ಎಲ್ಲರೂ ಒಪ್ಪಿದರಂತೆ.

ಅಲ್ಲಾಸಾಬ ಟೆಂಪೋದಲ್ಲಿ ಹಾಕಿದ್ದ ಖುರ್ಚಿಗಳನ್ನೆಲ್ಲ ಬೈಯುತ್ತ ಇಳಿಸಿದ. ಪಂಕ್ತಿಯ ಮೇಲೆ ಪಂಕ್ತಿ ಎದ್ದವು, ಅನ್ನ ಸಾಲದೆ ಮತ್ತೊಂದು ಹಂಡೆ ಒಲೆಗೇರಿತು. ಹಿರಿಯ ಬೀಗ ಖಾಲಿ ಜಾಗ ಹುಡುಕುತ್ತ ಮೂರನೇ ಪಂಕ್ತಿಗೆ ಕಾದು ನಿಲ್ಲಬೇಕಾಯಿತು. ಅವನಿಗೆ ಅದರಿಂದ ಸಂತೋಷವೇ ಆದಂತೆ ಕಂಡಿತು. ಶಾಂಭವಿ ನಗುತ್ತಿದ್ದಳು.

ಶೈಲಾ ಮಾತ್ರ ಒಂದು ಮೂಲೆಯಲ್ಲಿ ಫೋನು ಹಿಡಿದು ಬೆವರುತ್ತಿದ್ದಳು. ಉಂಡು ಕೈ ತೊಳೆದವರು ಕೈ ಒರೆಸಿಕೊಂಡು ಫೋನು ತೆಗೆದು ಮದುವೆಗೆ ಒತ್ತಿದ್ದ ಹೆಬ್ಬೆಟ್ಟನ್ನು ವಾಪಸು ತೆಗೆಯುತ್ತಿದ್ದರು. ಬಂದು ಉಂಡ ಮೇಲೆ ಅದೂ ಇದ್ದರೆ ಎರಡು ಮುಯ್ಯಿಯಾಗುತ್ತದೆ, ಅದು ತಪ್ಪು. ಆರುನೂರು ಇದ್ದದ್ದು ನಾನೂರಾಯಿತು, ನೂರಾಯಿತು. ಹಾಲು ಮಜ್ಜಿಗೆ ಕುಡಿದು ಕೊನೆಯ ಪಂಕ್ತಿ ಎದ್ದಾಗ ಬೆರಳೆಣಿಕೆಗೆ ಬಂತು. ಈ ತಿಂಗಳ ವರದಿಯಲ್ಲಿ ಏನೆಂದು ಬರೆಯಲಿ ಎಂದು ಅವಳಿಗೆ ದಿಗಿಲು.

ಸಂಜೆ ಮಗಳನ್ನು ಕಳಿಸಿಕೊಟ್ಟು, ಅತ್ತು, ವಿರೂಪಾಕ್ಷಪ್ಪ ಖಾಲಿ ಹಂದರದಲ್ಲಿ ಮೊಣಕಾಲು ನೀವಿಕೊಳ್ಳುತ್ತ ಕುಳಿತಿದ್ದ. ನಾಳೆ ಬೆಳಿಗ್ಗೆ ಪೈಪು ಜೋಡಿಸುವವನನ್ನು ಕರೆದುಕೊಂಡು ಕೆಳಗಿನ ಓಣಿಗೆ ಹೋಗುವುದಿತ್ತು. ಅದು ಮುಗಿದ ಮೇಲೆ ವೀರುವಿನ ಕೂಸನ್ನು ನೋಡಿ ಬರಬೇಕು. ಶೈಲಾ ಬಂದು ಎದುರಿಗೆ ನಿಂತಳು.

“ಎಲ್ಲಾ ಹೋದ್ವು ಅಧ್ಯಕ್ಷರ. ಒಂದ ಉಳದೈತಿ.”

“ಯಾರ್ದು?”

“ತಾಲೂಕಿನ ಸಾಹೇಬ್ರದು. ಮುಂಜಾನೆ ಒತ್ಯಾರ. ಊಟಕ್ಕೇನ ಬರಲಿಲ್ಲ.”

ವಿರೂಪಾಕ್ಷಪ್ಪ ಕಾಲು ಚಾಚಿದ. ಯಾಕೋ ಈ ಸಲ ಎದೆ ಡವಡವ ಎನ್ನಲಿಲ್ಲ.

“ಇರ್ಲಿ ಬಿಡು” ಎಂದ. “ಅವರ ಮನಿ ಕಾರ್ಯಕ್ಕ ನಾವೂ ಒಂದ ಒತ್ತಿದ್ರಾತು.”